ಬುಧವಾರದ ಉಸಿರಿನ ಪಾಠ

ನಲೋಕ್ಸೋನ್ ಎಂಬ ಔಷಧಿಯ ಹೆಸರನ್ನು ನಾನು ನರ್ಸಿಂಗ್ ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದು ಕೆಲಸ ಮಾಡುವುದನ್ನು ಕಣ್ಣಾರೆ ಕಂಡಿದ್ದು ಮಾತ್ರ ಕೆಲಸಕ್ಕೆ ಸೇರಿ ಐದಾರು ವರ್ಷಗಳಾದ ಮೇಲೆ. ತೊಂಬತ್ತರ ದಶಕ. ಮೈಸೂರಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ಸ್ಟಾಫ್ ನರ್ಸ್. ಒಂದು ಬೆಳಿಗ್ಗೆ ಇಪ್ಪತ್ತೈದರ ಆಸುಪಾಸಿನ ಒಬ್ಬನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಸಿರು ಯಾವಾಗಲೋ ಒಂದು. ಡ್ಯೂಟಿ ಡಾಕ್ಟರು ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡಿದರು. ಕಣ್ಣಪಾಪೆ ಸಾಸಿವೆ ಕಾಳಿಗಿಂತ ಸಣ್ಣದಾಗಿತ್ತು. ಅವರು ಹೇಳಿದ ಇಂಜೆಕ್ಷನ್ನನ್ನು ನಾನೇ ತುಂಬಿ ಕೊಟ್ಟೆ. ಎರಡು ಮೂರು ನಿಮಿಷ ಕಳೆದಿರಬಹುದು, ಆ ಮನುಷ್ಯ ಕಣ್ಣು ಬಿಟ್ಟ, ಎದ್ದು ಕೂತ, ಸುತ್ತ ನಿಂತಿದ್ದ ನಮ್ಮನ್ನೆಲ್ಲ ಸಿಟ್ಟಿನಿಂದ ನೋಡಿ, "ನನ್ ಚಪ್ಪಲಿ ಎಲ್ರೀ?" ಅಂದ.

ನಾನು ನಕ್ಕುಬಿಟ್ಟೆ. ಆಮೇಲೆ ಡ್ರೆಸ್ಸಿಂಗ್ ರೂಮಿಗೆ ಹೋಗಿ ಯಾಕೆಂದು ಗೊತ್ತಿಲ್ಲದೆ ಅತ್ತೆ.

ಬ್ರೌನ್ ಶುಗರ್ ಇರಲಿ, ಬಲವಾದ ನೋವಿನ ಇಂಜೆಕ್ಷನ್ ಇರಲಿ, ಅಫೀಮಿನ ಜಾತಿಯ ಮದ್ದು ಮಿತಿ ಮೀರಿದರೆ ಮೆದುಳು ಉಸಿರಾಡುವುದನ್ನೇ ಮರೆತುಬಿಡುತ್ತದೆ. ನಲೋಕ್ಸೋನ್ ಅದನ್ನು ಮತ್ತೆ ನೆನಪಿಸುತ್ತದೆ. ಅಷ್ಟೇ ಅದರ ಕೆಲಸ. ಆದರೆ ಹೊತ್ತಿಗೆ ಸರಿಯಾಗಿ ಸಿಗಬೇಕು. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ತಡವಾಗಿ ಬಂದವರೇ ಹೆಚ್ಚು. ಮನೆಯವರು ಮುಖಕ್ಕೆ ನೀರು ಹೊಡೆದಿರುತ್ತಿದ್ದರು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಿರುತ್ತಿದ್ದರು, ನಿಂಬೆಹಣ್ಣಿನ ರಸ ಬಾಯಿಗೆ ಸುರಿದಿರುತ್ತಿದ್ದರು. ಪ್ರೀತಿಯಿಂದಲೇ ಮಾಡಿದ್ದು ಎಲ್ಲವೂ. ಒಂದು ಸಲ, ತೀರಿಕೊಂಡ ಹುಡುಗನ ಅಣ್ಣ ನನ್ನ ಮುಂದೆ ನಿಂತು, "ಗೊರಕೆ ಹೊಡೀತಿದ್ದ ಸಿಸ್ಟರ್. ಎಷ್ಟೋ ದಿನ ಆದ್ಮೇಲೆ ಚೆನ್ನಾಗಿ ನಿದ್ದೆ ಮಾಡ್ತಾವ್ನೆ, ಮಲಗ್ಲಿ ಬುಡು ಅಂತ ನಮ್ಮಮ್ಮ ಬಾಗಿಲು ಮುಂದಕ್ಕೆಳೆದ್ರು" ಎಂದ. ಅದು ನಿದ್ದೆಯ ಗೊರಕೆಯಲ್ಲ, ಗಂಟಲು ಸಡಿಲವಾಗಿ ಗಾಳಿ ಸಿಕ್ಕಿಕೊಳ್ಳುವ ಸದ್ದು ಎಂದು ಆ ತಾಯಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಹೇಳಿ ಇನ್ನೇನು ಪ್ರಯೋಜನ?

ಎರಡು ಸಾವಿರದ ಇಸವಿ ದಾಟಿದ ಮೇಲೆ, ಕುವೆಂಪುನಗರದ ನಮ್ಮ ಮನೆಯಿಂದ ನಾಲ್ಕು ರಸ್ತೆ ಆಚೆ ಒಂದು ಚಿಕ್ಕ ಬಾಡಿಗೆ ಮನೆಯಲ್ಲಿ ಒಂದು ಕೇಂದ್ರ ಶುರುವಾಯಿತು. ಸೂಜಿ ಚುಚ್ಚಿಕೊಳ್ಳುವ ಚಟವಿದ್ದವರು ಅಲ್ಲಿಗೆ ಬಂದು ಕೂರಬಹುದು, ಸ್ನಾನ ಮಾಡಬಹುದು, ಗಾಯಕ್ಕೆ ಪಟ್ಟಿ ಹಾಕಿಸಿಕೊಳ್ಳಬಹುದು. ನನಗೆ ಪರಿಚಯವಿದ್ದ ಒಬ್ಬ ಹಿರಿಯ ಡಾಕ್ಟರು ಅದನ್ನು ನೋಡಿಕೊಳ್ಳುತ್ತಿದ್ದರು. "ಬುಧವಾರ ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡ್ಕೊಳ್ಳಿ ಸಿಸ್ಟರ್. ಆಸ್ಪತ್ರೆಗೆ ಬರೋದ್ರೊಳಗೆ ಏನು ಮಾಡ್ಬೇಕು ಅಂತ ಇವರಿಗೂ ಇವರ ಮನೆಯವರಿಗೂ ಕಲಿಸಿ. ಔಷಧಿಗೆ ಚೀಟಿ ನಾನು ಬರೀತೀನಿ" ಎಂದರು. ನನ್ನ ಗಂಡ, "ಡ್ಯೂಟಿ ಮುಗಿಸಿ ಮತ್ತೆ ಡ್ಯೂಟೀನಾ?" ಎಂದು ಗೊಣಗಿದರು. ಆದರೂ ಮೊದಲ ದಿನ ಅವರೇ ಸ್ಕೂಟರಿನಲ್ಲಿ ಬಿಟ್ಟು ಬಂದರು.

ಮೊದಮೊದಲು ನನ್ನ ಪಾಠ ಯಾರ ತಲೆಗೂ ಹತ್ತಲಿಲ್ಲ. ಗೋಡೆಗೆ ಶ್ವಾಸಕೋಶದ ಚಿತ್ರ ಅಂಟಿಸಿ, ಕಾಲೇಜಿನ ಮೇಡಂ ಥರ ನಿಂತು ಮಾತಾಡಿದೆ. ಅವರು ಗೌರವದಿಂದ ಕೇಳಿಸಿಕೊಂಡು ಆಕಳಿಸಿದರು. ಮೂರನೆಯ ವಾರ ಅವರಲ್ಲೊಬ್ಬ, ಹಿಂದೆ ಸೈಕಲ್ ಶಾಪ್ ಇಟ್ಟಿದ್ದವನು, "ಮಾತು ಬುಡಿ ಮೇಡಂ, ಒಂದು ಬೊಂಬೆ ಮಾಡೋಣ" ಎಂದ. ನಾನು ಹಳೆಯ ಸೀರೆಗಳನ್ನು ತುರುಕಿ ಮನುಷ್ಯನಾಕಾರದ ಒಂದು ಬೊಂಬೆ ಹೊಲಿದೆ. ಅವನು ಅದರ ಬಾಯಿಯಿಂದ ಎದೆಗೆ ಸೈಕಲ್ ಟ್ಯೂಬಿನ ತುಂಡು ಎಳೆದು, ಒಳಗೆ ಪ್ಲಾಸ್ಟಿಕ್ ಚೀಲ ಕಟ್ಟಿದ. ತಲೆಯನ್ನು ಸರಿಯಾಗಿ ಹಿಂದಕ್ಕೆ ಬಾಗಿಸಿ ಊದಿದರೆ ಎದೆ ಏಳುತ್ತಿತ್ತು, ಬಾಗಿಸದಿದ್ದರೆ ಟ್ಯೂಬು ಮಡಚಿಕೊಂಡು ಗಾಳಿ ಹೋಗುತ್ತಿರಲಿಲ್ಲ. ಆ ಬೊಂಬೆ ನನಗಿಂತ ಒಳ್ಳೆಯ ಟೀಚರ್ ಆಯಿತು.

ಚಟವಿದ್ದವರು ಬಂದರು, ಕಲಿತರು. ಮನೆಯವರು ಬರಲಿಲ್ಲ. ಆ ಮನೆಯ ಗೇಟು ದಾಟುವುದೆಂದರೆ ನಮ್ಮನೆಯಲ್ಲಿ ಇಂಥ ಒಬ್ಬನಿದ್ದಾನೆ ಎಂದು ಊರಿಗೆ ಹೇಳಿದಂತೆ. ಹೀಗಿರುವಾಗ ಒಂದು ಬುಧವಾರ, ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡು, ಗೇಟಿನಾಚೆ ಒಬ್ಬ ಹೆಂಗಸು ನಿಂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಭಾರವಾದ ಬಟ್ಟೆ ಚೀಲ. ನಾನು ಹೊರಗೆ ಹೋಗಿ, "ಒಳಗೆ ಬನ್ನಿ ಅಮ್ಮ" ಎಂದೆ.

"ನಾನು ಚಟ್ನಿಪುಡಿ ಮಾರೋಳು ಕಣಮ್ಮ" ಎಂದರು, ಗಾಬರಿಯಿಂದ.

"ಹಾಗಾದ್ರೆ ಚಟ್ನಿಪುಡಿ ತೋರಿಸೋಕೇ ಬನ್ನಿ."

ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತರು. ನಿಜಕ್ಕೂ ಚಟ್ನಿಪುಡಿ, ಹಪ್ಪಳ ಮಾಡಿ ಮನೆಮನೆಗೆ ಕೊಡುವುದು ಅವರ ಕಸುಬು. ಗಂಡ ಇಲ್ಲ. ವಿಜಯನಗರದಲ್ಲಿ ಒಂದು ದೊಡ್ಡ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಒಬ್ಬನೇ ಮಗನ ಜೊತೆ ಬಾಡಿಗೆಗಿದ್ದರು. ಮಗ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮೂವತ್ತು ವರ್ಷ. ಬೆನ್ನುನೋವಿಗೆಂದು ಶುರುವಾದ ಇಂಜೆಕ್ಷನ್ ಬೆನ್ನುನೋವು ಹೋದರೂ ಹೋಗಲಿಲ್ಲ. ಆಮೇಲೆ ಬ್ರೌನ್ ಶುಗರ್. ಈಗ ಚಟ ಬಿಡಿಸುವ ಕೇಂದ್ರದಲ್ಲಿದ್ದಾನೆ, ಎರಡು ತಿಂಗಳಾಗುತ್ತ ಬಂತು, ಇನ್ನು ಹನ್ನೆರಡು ದಿನಕ್ಕೆ ಮನೆಗೆ ಬರುತ್ತಾನೆ.

"ಪೂರ್ತಿ ಬಿಟ್ಟು ಬರ್ತಾನಂತೆ. ಇನ್ನು ಇದನ್ನೆಲ್ಲ ನಾನು ಕಲಿಯೋ ಅಂಥಾದ್ದು ಏನೂ ಇಲ್ಲ, ಅಲ್ವಾ?" ಎಂದು ಕೇಳಿದರು. ಮುಖದಲ್ಲಿ ಎಷ್ಟೊಂದು ಆಸೆ ಇತ್ತೆಂದರೆ, ಹೌದು ಎಂದುಬಿಡೋಣ ಎನಿಸಿತು.

ಆದರೆ ನನಗೆ ತಿಳಿದಿದ್ದು ಬೇರೆ. ಬಿಟ್ಟು ಬಂದವರಿಗೇ ಹೆಚ್ಚು ಅಪಾಯ. ಮೈ ಹಳೆಯ ಅಭ್ಯಾಸ ಮರೆತಿರುತ್ತದೆ, ಮನಸ್ಸು ಮರೆತಿರುವುದಿಲ್ಲ. ಎಂದೋ ಒಂದು ದಿನ ಸೋತು ಮೊದಲಿನಷ್ಟೇ ತೆಗೆದುಕೊಂಡರೆ, ಮೊದಲು ತಡೆದುಕೊಳ್ಳುತ್ತಿದ್ದ ಮೈ ಈಗ ತಡೆಯುವುದಿಲ್ಲ. ಇದನ್ನು ಆದಷ್ಟು ಮೆಲ್ಲಗೆ ಹೇಳಿದೆ. ಅವರು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು.

"ಬಾಗಿಲಿಗೆ ತೋರಣ ಕಟ್ಟೋಣ ಅಂತಿದ್ದೆ" ಎಂದರು.

"ಕಟ್ಟಿ ಅಮ್ಮ. ತೋರಣಾನೂ ಕಟ್ಟಿ, ಇದನ್ನೂ ಕಲೀರಿ."

ಅವರ ಕೈಗಳು ಕೆಲಸ ಬಲ್ಲ ಕೈಗಳು. ಔಷಧಿಯ ಪುಟ್ಟ ಗಾಜಿನ ಸೀಸೆ, ಆಂಪೂಲಿನ ಕತ್ತನ್ನು ಹತ್ತಿಯಲ್ಲಿ ಹಿಡಿದು ಮುರಿಯಲು ಆಸ್ಪತ್ರೆಗೆ ತರಬೇತಿಗೆ ಬರುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿಯರು ವಾರಗಟ್ಟಲೆ ಹೆಣಗುತ್ತಿದ್ದರು. ಇವರು ಎರಡನೆಯ ಸಲಕ್ಕೇ ಚಟ್ಟನೆ ಮುರಿದರು. ಸಿರಿಂಜಿಗೆ ಎಳೆದುಕೊಂಡರು. ತೊಡೆಯ ಹೊರಬದಿಗೆ, ಬಟ್ಟೆಯ ಮೇಲಿಂದಲೇ ಆದರೂ ಸರಿ, ನೆಟ್ಟಗೆ ಚುಚ್ಚಬೇಕು ಎಂದಾಗ ಕಣ್ಣು ಮುಚ್ಚಿಕೊಂಡೇ ಬೊಂಬೆಗೆ ಚುಚ್ಚಿದರು. "ಕಣ್ಣು ಬಿಟ್ಟು ಅಮ್ಮ" ಎಂದೆ. ಸೈಕಲ್ ಶಾಪಿನವನು, "ಬೊಂಬೆ ಅಳಲ್ಲ ಕಣಮ್ಮ" ಎಂದು ನಗಿಸಿದ.

ಅವರು ಒಪ್ಪದೆ ನಿಂತಿದ್ದು ಉಸಿರು ಕೊಡುವ ಪಾಠಕ್ಕೆ. ಔಷಧಿ ಕೆಲಸ ಮಾಡುವ ತನಕ ಬಾಯಿಗೆ ಬಾಯಿಟ್ಟು ಊದುತ್ತಿರಬೇಕು, ಅದೇ ಮುಖ್ಯ ಎಂದು ಹೇಳಿದಾಗ, ಕೊರಳಿನ ಲಿಂಗದ ಮೇಲೆ ಕೈಯಿಟ್ಟುಕೊಂಡು ಹಿಂದೆ ಸರಿದರು.

"ಎಂಜಲಲ್ವಾ ಸಿಸ್ಟರಮ್ಮ? ನನ್ನ ಕೈಲಾಗಲ್ಲ."

"ಮೇಲೊಂದು ತೆಳ್ಳನೆ ಬಟ್ಟೆ ಹಾಕ್ಕೋಬಹುದು."

ಸ್ವಲ್ಪ ಯೋಚಿಸಿ, "ಮಗನಿಗಾದ್ರೆ ಸರಿ. ಅವನಿಗೆ ತುತ್ತು ಅಗಿದು ಕೊಟ್ಟೋಳು ನಾನು" ಎಂದರು. ಆಮೇಲೆ, ಯಾರೂ ಕೇಳದಿದ್ದರೂ, ದನಿ ಬದಲಿಸಿ ಹೇಳಿದರು: "ಅವನ ಸ್ನೇಹಿತ ಒಬ್ಬ ಅವ್ನೆ. ಹೂಟಗಳ್ಳಿಯವನು, ಗೂಡ್ಸ್ ಆಟೋ ಓಡಿಸ್ತಾನೆ. ನನ್ನ ಮಗನಿಗೆ ಸೂಜಿ ಹಿಡಿಯೋದು ಕಲಿಸಿದ್ದೇ ಅವನು. ಅವನು ಬಿದ್ದಿದ್ರೆ ಒಂದು ತೊಟ್ಟು ನೀರು ಬುಡಲ್ಲ ನಾನು."

ನಾನು ಬೊಂಬೆಯನ್ನು ಮತ್ತೆ ಅವರ ಮುಂದಕ್ಕೆ ಸರಿಸಿದೆ. ತಾಯಿಯ ಸಿಟ್ಟಿಗೆ ನನ್ನ ಪಾಠದಲ್ಲಿ ಜಾಗವಿರಲಿಲ್ಲ.

ಉಸಿರಿನ ಲೆಕ್ಕ ಅವರಿಗೆ ಸಿಗುತ್ತಿರಲಿಲ್ಲ. ಒಂದು ಸಲ ಊದಿ, ಐದು ಎಣಿಸಿ, ಮತ್ತೆ ಊದಬೇಕು. ಗಾಬರಿಗೆ ಮೂರರಿಂದ ಏಳಕ್ಕೆ ಹೋಗುತ್ತಿದ್ದರು. ಮುಂದಿನ ಬುಧವಾರ ಬಂದವರೇ ಬೊಂಬೆಯ ಮುಂದೆ ಕೂತು, ಮೂಗು ಹಿಡಿದು, ಊದಿ, ತಲೆಯೆತ್ತಿ ಮೆಲ್ಲಗೆ "ನ... ಮಃ... ಶಿ... ವಾ... ಯ" ಎಂದರು. ಮತ್ತೆ ಊದಿದರು. ಐದಕ್ಷರ, ಐದು ಎಣಿಕೆ. ನಾನು ಗಡಿಯಾರ ನೋಡಿದೆ, ಸೆಕೆಂಡಿನ ಮುಳ್ಳಿಗೆ ಸರಿಯಾಗಿತ್ತು.

"ಇದಾದ್ರೆ ತಪ್ಪಲ್ಲ ನನಗೆ. ದಿನಾ ಹೇಳ್ಕೊಳ್ಳೋದೇ" ಎಂದರು.

ಡಾಕ್ಟರು ಬರೆದ ಚೀಟಿಯ ಮೇಲೆ ಎರಡು ಆಂಪೂಲು, ಎರಡು ಸಿರಿಂಜು ಕೊಟ್ಟೆವು. ಅವರು ಅದನ್ನು ಒಂದು ಖಾಲಿ ಇಂಗಿನ ಡಬ್ಬಿಯಲ್ಲಿಟ್ಟು ಚೀಲಕ್ಕೆ ಹಾಕಿಕೊಂಡರು. ಎಲ್ಲಿ ಇಡುತ್ತೀರಿ ಎಂದರೆ, "ಒಲೆ ಪಕ್ಕದ ಗೂಡಲ್ಲಿ ಬೇಡ, ಬಿಸಿ ತಾಗುತ್ತೆ. ದೇವರ ಗೂಡಲ್ಲಿಡ್ತೀನಿ" ಎಂದರು.

ಮಗ ಬಂದ. ಕೆಲಸಕ್ಕೂ ಮರಳಿ ಸೇರಿದ. ಒಂದೂವರೆ ತಿಂಗಳು ನನಗೆ ಅವರ ಸುದ್ದಿ ಇರಲಿಲ್ಲ. ಒಂದು ಮಧ್ಯಾಹ್ನ ಬೆಳಗಿನ ಡ್ಯೂಟಿ ಮುಗಿಸಿ ಊಟಕ್ಕೆ ತಟ್ಟೆ ಹಾಕಿಕೊಂಡಿದ್ದೆ, ಫೋನ್ ಬಂತು. ಔಟ್‌ಹೌಸಿನ ಓನರ್ ಮನೆಯವರು. "ನಿಮ್ಮ ನಂಬರ್ ಕೊಟ್ಟು ಫೋನ್ ಮಾಡು ಅಂದ್ರು. ಅಲ್ಲಿ ಯಾರೋ ಬಿದ್ದಿದ್ದಾರೆ. ಇವರು ಬಾಯಿಗೆ ಬಾಯಿಟ್ಟು ಊದ್ತಾ ಕೂತಿದ್ದಾರೆ, ನನಗೇನೂ ಅರ್ಥ ಆಗ್ತಿಲ್ಲ ಮೇಡಂ!" ಆಟೋ ಕರೆಸಿ ಗೇಟಿನಲ್ಲಿ ನಿಲ್ಲಿಸಿ ಎಂದು ಹೇಳಿ, ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಪೆಡ್ ಹತ್ತಿದೆ. ಕುವೆಂಪುನಗರದಿಂದ ವಿಜಯನಗರಕ್ಕೆ ಅಷ್ಟು ದೂರವಿದೆ ಎಂದು ನನಗೆ ಆ ದಿನ ಗೊತ್ತಾಯಿತು.

ದಾರಿಯುದ್ದಕ್ಕೂ ಬಿದ್ದಿದ್ದು ಮಗನೇ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಔಟ್‌ಹೌಸಿನ ಹಿಂದೆ, ಬಚ್ಚಲಮನೆಯ ಮುಂದಿನ ಸಿಮೆಂಟು ನೆಲದ ಮೇಲೆ, ಮಗ್ಗುಲಾಗಿ ಮಲಗಿದ್ದವನು ಬೇರೆ ಯಾರೋ. ಬಿಸಿಲಿಗೆ ಹರಡಿದ್ದ ಹಪ್ಪಳಗಳು ಅವನ ಕಾಲಿಗೆ ಸಿಕ್ಕಿ ಚೆಲ್ಲಾಪಿಲ್ಲಿಯಾಗಿದ್ದವು. ಆಕೆ ಅವನ ತಲೆಯ ಬಳಿ ಕೂತು, ಅಂಗೈಯನ್ನು ಅವನ ಎದೆಯ ಮೇಲಿಟ್ಟುಕೊಂಡಿದ್ದರು. ಸೆರಗು ಎಲ್ಲೋ, ತಲೆಗೂದಲು ಎಲ್ಲೋ. ಪಕ್ಕದಲ್ಲಿ ಮುರಿದ ಎರಡು ಆಂಪೂಲು.

"ಉಸಿರಾಡ್ತಾವ್ನೆ ನೋಡಿ. ಮುಟ್ಟಿ ನೋಡಿ" ಎಂದರು.

ಮುಟ್ಟಿ ನೋಡಿದೆ. ನಿಮಿಷಕ್ಕೆ ಹದಿನಾಲ್ಕು ಉಸಿರು. ಅವನು ಅರೆಗಣ್ಣು ಬಿಟ್ಟು, ನಡುಗುತ್ತ, "ಅಮ್ಮ, ತಪ್ಪಾಯ್ತು" ಎನ್ನುತ್ತಿದ್ದ. ಏಳಲು ಹೋದಾಗ ಆಕೆ ಭುಜ ಒತ್ತಿ ಹಿಡಿದು, "ಏಳ್ಬೇಡ, ಸುಮ್ನೆ ಮಲ್ಕೋ! ಎದ್ರೆ ನೋಡು" ಎಂದು ಗದರಿದರು.

ನಡೆದಿದ್ದನ್ನು ಆಟೋದಲ್ಲಿ ಹೇಳಿದರು. ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ನಾನು ಹೇಳುವ ಮೊದಲೇ ಅವರು ಹೊರಟಿದ್ದರು. "ಈ ಇಂಜೆಕ್ಷನ್ ಜೋರು ಒಂದು ಗಂಟೇಲಿ ಇಳಿದ್ರೆ ಮತ್ತೆ ಮಲಗ್ಬುಡ್ತಾನೆ ಅಂತ ನೀವೇ ಹೇಳಿದ್ರಲ್ಲ?"

ಅವನು ಆ ಸ್ನೇಹಿತನೇ. ಟಿ. ನರಸೀಪುರದ ಹತ್ತಿರ ಅಕ್ಕನ ಊರಿನಲ್ಲಿ ಎರಡು ತಿಂಗಳಿದ್ದು, ಚಟ ಬಿಟ್ಟು, ಆ ದಿನವಷ್ಟೇ ಮೈಸೂರಿಗೆ ಮರಳಿದ್ದ. ಮಗನನ್ನು ನೋಡಬೇಕೆಂದು ಬಂದಿದ್ದಾನೆ. ಮಗ ಕಾರ್ಖಾನೆಯಲ್ಲಿದ್ದ. ಆಕೆ ಬಾಗಿಲಲ್ಲೇ ನಿಂತು, "ನಮ್ಮನೆ ಹೊಸ್ತಿಲು ತುಳೀಬೇಡ" ಎಂದಿದ್ದಾರೆ. ಅವನು ಸರಿ ಎಂದು ಹೇಳಿ, ಬಚ್ಚಲಿಗೆ ಹೋಗಿ ಮುಖ ತೊಳೆದು ಹೋಗುತ್ತೇನೆ ಎಂದಿದ್ದಾನೆ. ಹೋದವನು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಕೇಳಿಸಿತು.

"ಬಚ್ಚಲಲ್ಲಿ ಯಾರಾದ್ರೂ ಗೊರಕೆ ಹೊಡೀತಾರಾ? ನೀವು ಹೇಳಿದ್ದು ನೆನಪಾಯ್ತು. ಬಾಗಿಲು ನೂಕಿದೆ. ಚಿಲಕ ಹಾಕಿರ್ಲಿಲ್ಲ. ಪಕ್ಕದಲ್ಲೇ ಸೂಜಿ ಬಿದ್ದಿತ್ತು. ತುಟಿ ಕಪ್ಪಿಟ್ಟುಬುಟ್ಟಿತ್ತು. ಹೆಸರು ಹಿಡಿದು ಕೂಗಿದೆ, ಅಲುಗಾಡಿಸಿದೆ, ಇಲ್ಲ. ದೇವರ ಗೂಡಿನ ಹತ್ರ ಓಡಿ ಹೋಗಿ ಡಬ್ಬಿ ಕೈಗೆ ತಗೊಂಡೆ. ತಗೊಂಡು..." ಎಂದು ನಿಲ್ಲಿಸಿದರು. ಅವನು ನಮ್ಮಿಬ್ಬರ ನಡುವೆ ನನ್ನ ಭುಜಕ್ಕೊರಗಿ ಕೂತಿದ್ದ. ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ. "ಒಂದು ಗಳಿಗೆ ನಿಂತ್ಬುಟ್ಟೆ ಸಿಸ್ಟರಮ್ಮ. ಸುಳ್ಳು ಹೇಳಲ್ಲ. ಇರೋದು ಎರಡೇ ಎರಡು. ನನ್ನ ಮಗನಿಗೆ ಅಂತ ಇಟ್ಟಿದ್ದು. ಇವತ್ತು ಇವನಿಗೆ ಹಾಕ್ಬುಟ್ಟು ನಾಳೆ ಅವನು ಬಿದ್ರೆ? ಹಂಗೇ ನಿಂತೆ."

"ಆಮೇಲೆ?"

"ಆಮೇಲೆ ಗೊರಕೆ ನಿಂತೋಯ್ತು. ಅದು ನಿಂತಿದ್ದು ತಡ್ಕೊಳ್ಳೋಕೆ ಆಗ್ಲಿಲ್ಲ."

ಅವನ ಎರಡೂ ರೆಟ್ಟೆ ಹಿಡಿದು ಹೊರಗೆ ಎಳೆದಿದ್ದಾರೆ. ಓನರ್ ಮನೆಯವರನ್ನು ಕೂಗಿ ನನಗೆ ಫೋನ್ ಮಾಡಲು ಹೇಳಿದ್ದಾರೆ. ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದ್ದಾರೆ. ಆಮೇಲೆ ಮೂಗು ಹಿಡಿದು ಊದಿದ್ದಾರೆ. ಬಟ್ಟೆ ಹಾಕಿಕೊಳ್ಳುವುದು ನೆನಪಾಗಲೇ ಇಲ್ಲವಂತೆ. ಐದಕ್ಷರ, ಒಂದು ಉಸಿರು. ಐದಕ್ಷರ, ಒಂದು ಉಸಿರು. ಮೊದಲ ಆಂಪೂಲಿಗೆ ಏಳಲಿಲ್ಲ. ಎರಡನೆಯದನ್ನು ಮುರಿಯುವಾಗ ಯೋಚನೆಯೇ ಬರಲಿಲ್ಲ ಎಂದರು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವಾತ, "ಪೇಷಂಟಿಗೆ ನೀವು ಏನಾಗ್ಬೇಕಮ್ಮ?" ಎಂದು ಕೇಳಿದ. ಅವರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. "ನಮ್ಮ ಮನೆಗೆ ಬಂದಿದ್ದೋನು" ಎಂದರು. ಚೀಟಿಯವನು ಪೆನ್ನು ಹಿಡಿದು ಕಾಯುತ್ತಲೇ ಇದ್ದ.

ಸಂಜೆ ಶಿಫ್ಟ್ ಮುಗಿಸಿದ ಮಗ ಯೂನಿಫಾರ್ಮಿನಲ್ಲೇ ಓಡಿ ಬಂದ. ವಾರ್ಡಿನ ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ ತಾಯಿಯನ್ನು ಕಂಡು ತಲೆ ತಗ್ಗಿಸಿ ನಿಂತ, ಬೈಗುಳಕ್ಕೆ ಕಾಯುವವನಂತೆ. ಅವರು ಬೈಯಲಿಲ್ಲ. "ನಿಂಗೆ ಅಂತ ಇಟ್ಟಿದ್ದು ಮುಗೀತು ಕಣೋ. ಬುಧವಾರ ಬೇರೆ ತರ್ತೀನಿ. ಅಲ್ಲೀತನಕ ಹುಷಾರಾಗಿರು ಮಗ" ಎಂದರು. ಮಗ ಅವರ ಪಕ್ಕದಲ್ಲೇ ಕುಸಿದು, ಅವರ ಮಡಿಲಲ್ಲಿ ಮುಖವಿಟ್ಟು ಅತ್ತ. ಅವರು ಅವನ ಬೆನ್ನು ಸವರುತ್ತ ಕೂತರು. ನಾನು ಅವರ ಇನ್ನೊಂದು ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಬುಧವಾರದ ತನಕ ಕಾಯಿಸಲು ನನಗೂ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಡಾಕ್ಟರಿಂದ ಚೀಟಿ ಬರೆಸಿ ಎರಡು ಆಂಪೂಲು ತಲುಪಿಸಿದೆ.

ಮುಂದೆ ಎಲ್ಲವೂ ಸುಸೂತ್ರವಾಯಿತು ಎಂದು ಹೇಳಲಾರೆ. ಮಗ ಒಂದು ವರ್ಷ ಚೆನ್ನಾಗಿದ್ದು, ಮತ್ತೆ ಜಾರಿ, ಮತ್ತೆ ಎದ್ದ. ಎರಡನೆಯ ಸಲ ಎದ್ದವನು ನಾನು ಕಂಡಷ್ಟು ಕಾಲ ಬೀಳಲಿಲ್ಲ. ಸ್ನೇಹಿತನಿಗೆ ಇನ್ನೂ ಹೆಚ್ಚು ದಿನ ಬೇಕಾಯಿತು. ಆದರೆ ಅವನು ಆಕೆಯ ಹಪ್ಪಳದ ಚೀಲಗಳನ್ನು ತನ್ನ ಗೂಡ್ಸ್ ಆಟೋದಲ್ಲಿ ಕುವೆಂಪುನಗರಕ್ಕೆ ತಂದುಹಾಕುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಅವರು ಅವನನ್ನು ಕ್ಷಮಿಸಿದರೇ ಎಂದು ನಾನು ಕೇಳಲಿಲ್ಲ. ಅವನಿಗೆ ಊಟ ಹಾಕುವಾಗ ಬೈಯುತ್ತಲೇ ಹಾಕುತ್ತಿದ್ದರು, ಎರಡನೆಯ ಸಲ ಕೇಳಿ ಬಡಿಸುತ್ತಿದ್ದರು.

ನನ್ನ ಬುಧವಾರಗಳು ಬದಲಾದವು. ಆಕೆ ಪ್ರತಿ ವಾರ ಬಂದು ಬೊಂಬೆಯ ಪಕ್ಕ ಚಾಪೆ ಹಾಕಿ ಕೂರುತ್ತಿದ್ದರು. ಅವರನ್ನು ನೋಡಿ ಇನ್ನೊಬ್ಬ ತಾಯಿ ಬಂದರು, ಆಮೇಲೆ ಒಬ್ಬಳು ಹೆಂಡತಿ, ಆಮೇಲೆ ಒಬ್ಬರು ರಿಟೈರ್ಡ್ ಮೇಷ್ಟ್ರು, ಮೊಮ್ಮಗನಿಗೋಸ್ಕರ. ಆಂಪೂಲು, ಸಿರಿಂಜಿನ ವಿಷಯ ನಾನು ಹೇಳುತ್ತಿದ್ದೆ. ಉಳಿದದ್ದು ಅವರದು. ಒಂದು ದಿನ ಪಾಠದ ನಡುವೆ ನನ್ನನ್ನು ತಡೆದು, "ಸಿಸ್ಟರಮ್ಮ, ಒಂದು ಮಾತು ಬಿಟ್ಟುಬುಟ್ರಿ" ಎಂದು ಎಲ್ಲರ ಕಡೆ ತಿರುಗಿದರು. "ಅವನು ಕಣ್ಣು ಬಿಟ್ಟಾಗ ನಿಮಗೆ ಸಿಟ್ಟು ಬರುತ್ತೆ. ಹೆದರಿಕೆ ಹೋದ ಮೇಲೆ ಬರೋ ಸಿಟ್ಟು ಅದು, ಬಾಳ ಜೋರು. ಅವತ್ತು ಬೈಬೇಡ್ರಪ್ಪ. ಅವನಿಗೆ ಮೈಯೆಲ್ಲ ನೋವು, ಚಳಿ, ವಾಂತಿ. ಹೊದಿಸಿ, ಪಕ್ಕದಲ್ಲಿ ಕೂತ್ಕೊಳ್ಳಿ, ಬುಟ್ಟು ಹೋಗ್ಬೇಡಿ. ಬೈಯೋಕೆ ಇನ್ನೂ ದಿನ ಅವೆ." ಹದಿನೈದು ವರ್ಷ ತುರ್ತು ವಿಭಾಗದಲ್ಲಿದ್ದ ನನಗೆ ಅದನ್ನು ಅಷ್ಟು ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಆವತ್ತಿನಿಂದ ನನ್ನ ಪಾಠದ ಟಿಪ್ಪಣಿಯಲ್ಲಿ ಅದನ್ನೂ ಬರೆದುಕೊಂಡೆ.

ಅದೇ ಚಳಿಗಾಲದಲ್ಲಿ ಸ್ನೇಹಿತನ ಅಕ್ಕ ಊರಿನಿಂದ ನಮ್ಮ ಕೇಂದ್ರಕ್ಕೆ ಬಂದಳು, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು. ಹೊಲದ ಕೆಲಸದಲ್ಲಿ ಒರಟಾದ ಕೈ, ಮಾತು ಕಡಿಮೆ. ಚೀಲವನ್ನು ಆಕೆಯ ಮುಂದಿಟ್ಟು, ಬಗ್ಗಿ ಕಾಲು ಮುಟ್ಟಲು ಹೋದಳು. ಅವರು ತಡೆದು, ಪಕ್ಕದಲ್ಲಿ ಚಾಪೆಯ ಮೇಲೆ ಕೂರಿಸಿಕೊಂಡರು. "ಅದೆಲ್ಲ ಆಮೇಲೆ. ಮೊದಲು ಇದು ಕಲ್ತ್ಕೋ" ಎಂದು ನೀರು ತುಂಬಿದ ಒಂದು ಆಂಪೂಲನ್ನು ಅವಳ ಕೈಗೆ ಕೊಟ್ಟರು.

ಅವಳು ಹೆದರಿ ಅದನ್ನು ಬಲವಾಗಿ ಹಿಡಿದಳು. ಕತ್ತು ಮುರಿಯುವ ಬದಲು ಇಡೀ ಗಾಜೇ ಪುಡಿಯಾಗಿ ಬೆರಳಿಗೆ ಗೀರಿತು. "ಅಯ್ಯೋ, ಹಾಳು ಮಾಡ್ಬುಟ್ಟೆ" ಎಂದು ಅಳುಮುಖ ಮಾಡಿದಳು. ನಾನು ಹತ್ತಿ ತರಲು ಎದ್ದೆ. ತಿರುಗಿ ನೋಡುವಷ್ಟರಲ್ಲಿ ಆಕೆ ಅವಳ ಬೆರಳನ್ನು ತಮ್ಮ ಸೆರಗಿನಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಆಂಪೂಲಿನ ಪೆಟ್ಟಿಗೆಯಲ್ಲಿ ತಡಕಾಡುತ್ತಿದ್ದರು.

"ಏನೂ ಆಗಿಲ್ಲ. ತಗೋ, ಇನ್ನೊಂದು ಮುರಿ."